ಸಭೆಯಲ್ಲಿ ಕಥೆ ಕಟ್ಟಬೇಕಾಗಿದೆ ಎಂದವರಿಗೆ

ಉಡುಪಿ ಕಡೆಯ ಓದುಗರೊಬ್ಬರ ಪತ್ರ. ಹೆಸರು ಹಾಕಬೇಡಿ ಎಂದಿದ್ದಾರೆ. ಸಾರ ಇಷ್ಟು: 'ಮದ್ಯವರ್ಜನ ಶಿಬಿರ ಸೇರಿ ಕುಡಿತ ಬಿಟ್ಟೆ. ಹೀಗೆ ಬಿಟ್ಟವರ ನವಜೀವನ ಸಮಿತಿಯ ಸಭೆಗೂ ಹೋಗುತ್ತೇನೆ. ಅಲ್ಲಿ ಎಲ್ಲರದೂ ಹೆಂಡತಿ, ಮಕ್ಕಳ ಮಾತು. ನಾನು ಸಲಿಂಗಿ. ಯಾಕೆ ಕುಡಿಯುತ್ತಿದ್ದೆ ಎಂದು ಹೇಳಲಾಗದೆ ಕಥೆ ಕಟ್ಟುತ್ತೇನೆ. ನಮ್ಮಂಥವರೇ ಸೇರಿ ಬೇರೆ ಸಭೆ ಮಾಡಿದರೆ ತಪ್ಪೇ? ದಿನವೂ ಕುಡಿಯುವ ಗೆಳೆಯನೊಬ್ಬ ಈಗಲೇ ಬಿಟ್ಟು ಬರುತ್ತೇನೆ ಅನ್ನುತ್ತಿದ್ದಾನೆ.'

ಪ್ರಿಯರೇ,

ತಪ್ಪಲ್ಲ, ಖಂಡಿತ ಮಾಡಿ. ಕುಡಿತ ಬಿಟ್ಟವರು ಬಿಡುವವರಿಗೆ ಆಸರೆಯಾಗುವ ಕ್ರಮ ನಿಂತಿರುವುದೇ ಇದ್ದದ್ದನ್ನು ಇದ್ದಂತೆ ಹೇಳುವುದರ ಮೇಲೆ. 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಇಬ್ಬರು ಎದುರುಬದುರು ಕೂತು ತಮ್ಮ ಕುಡಿತದ ಬಗ್ಗೆ ಮಾತಾಡಿದ್ದರಿಂದ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ, ಕುಡಿತ ಬಿಡುವವರ ಕೂಟ ಹುಟ್ಟಿತು. ಸೇರಲು ಅಲ್ಲಿ ಬೇಕಾದದ್ದು ಕುಡಿತ ಬಿಡುವ ಆಸೆಯೊಂದೇ. ಹಾಗಿದ್ದೂ ಅಲ್ಲಿನ ಸಲಿಂಗಿಗಳು ತಮ್ಮದೇ ಸಭೆ ಕಟ್ಟಿಕೊಂಡರು. ಆ ಗುಂಪುಗಳನ್ನು ತನ್ನ ಪಟ್ಟಿಗೆ ಸೇರಿಸಲು ಆಲ್ಕೊಹಾಲಿಕ್ಸ್ ಅನಾನಿಮಸ್‌ನ ಸಮ್ಮೇಳನ ಒಪ್ಪಿದ್ದು 1974ರಲ್ಲಿ.

ನಮ್ಮ ಕರಾವಳಿಯ ಮೆಹಂದಿ ರಾತ್ರಿಯನ್ನೇ ನೋಡಿ. 'ನಿನ್ನದು ಯಾವಾಗ ಮಾರಾಯ?' ಎಂದು ಕೇಳುವವರೇ ಗ್ಲಾಸನ್ನೂ ಕೈಗಿಡುತ್ತಾರೆ. ಉತ್ತರ ತಪ್ಪಿಸಿಕೊಳ್ಳಲು ಕುಡಿದವನ ಸಂಕಟ ಮೂರು ಮಕ್ಕಳ ತಂದೆಗೆ ಅರ್ಥವೇ ಆಗದು ಎಂದು ನಾನು ಹೇಳಲಾರೆ. ಆದರೆ ಅದೇ ಪ್ರಶ್ನೆಯಿಂದ ನೊಂದವರಿಗೆ ಬಿಡಿಸಿ ಹೇಳುವ ಕಷ್ಟವಿಲ್ಲ. ಅಲ್ಲದೆ ನಿಮ್ಮಲ್ಲಿ ಎಷ್ಟೋ ಮಂದಿ ಒಬ್ಬರನ್ನೊಬ್ಬರು ಅಂಜಿಕೆಯಿಲ್ಲದೆ ಕಾಣುವುದು ಬಾರಿನಲ್ಲೋ, ಯಾರದೋ ರೂಮಿನ ಪಾರ್ಟಿಯಲ್ಲೋ. ಕುಡಿತ ಬಿಟ್ಟರೆ ಗೆಳೆಯರೂ ಕೈಬಿಟ್ಟು ಹೋಗುತ್ತಾರೆ. ಬಾಟಲಿಯಿಲ್ಲದೆ ಸೇರುವ ಜಾಗವೊಂದು ನಿಮಗೆ ಬೇಕೇ ಬೇಕು.

ಹಾಗೆಂದು ಸಮಿತಿಯನ್ನು ಬಿಡಬೇಡಿ. ಅಲ್ಲಿ ಎಲ್ಲರೆದುರು ಹೇಳಬೇಕೆಂದೂ ಇಲ್ಲ. ಗುಟ್ಟು ಕಾಯುವ ಹಿರಿಯರೊಬ್ಬರಿಗೆ ಹೇಳಿದರೂ ಎದೆ ಹಗುರಾಗುತ್ತದೆ. ರಾತ್ರಿ ಕುಡಿಯಬೇಕೆನಿಸಿದಾಗ ಫೋನ್ ಎತ್ತುವವರು ಎರಡೂ ಕಡೆ ಇರಲಿ.

ಉಡುಪಿ, ಮಂಗಳೂರಿನಲ್ಲಿ ಯಾರನ್ನು ಕೇಳಿದರೂ ಯಾರದೋ ನೆಂಟರೇ. ಹಾಗಾಗಿ ನಿಮ್ಮ ಸಭೆಗೆ ಯಾರು ಬಂದರು, ಏನು ಹೇಳಿದರು ಎಂಬುದು ಹೊರಗೆ ಹೋಗಬಾರದು. ಫೋಟೊ ಬೇಡ. ವಾಟ್ಸಾಪ್ ಗ್ರೂಪ್ ಅಂತೂ ಬೇಡವೇ ಬೇಡ, ಅದರಲ್ಲಿ ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ.

ಇನ್ನು ನಿಮ್ಮ ಗೆಳೆಯರ ವಿಷಯ, ಇದು ತುರ್ತಿನದು. ದಿನವೂ ವಿಪರೀತ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನದೊಳಗೆ ಫಿಟ್ಸ್ ಬರಬಹುದು, ಇಲ್ಲದ್ದು ಕಾಣಬಹುದು, ಜೀವಕ್ಕೇ ಅಪಾಯವಾಗಬಹುದು. ಮನೆಯಲ್ಲಿ ತಾವೇ ನಿಲ್ಲಿಸಲು ಬಿಡಬೇಡಿ. ಮಂಗಳೂರಿನ ಸರ್ಕಾರಿ ಆಸ್ಪತ್ರೆ ವೆನ್ಲಾಕ್‌ಗೋ ಹತ್ತಿರದ ಮನೋವೈದ್ಯರಲ್ಲಿಗೋ ಜೊತೆಗೆ ನೀವೇ ಹೋಗಿ. ಲೈಂಗಿಕತೆಯ ನೆಪದಲ್ಲಿ ಚಿಕಿತ್ಸೆಯಲ್ಲಿ ಭೇದ ಮಾಡುವಂತಿಲ್ಲ, ಗುಟ್ಟು ಬಿಟ್ಟುಕೊಡುವಂತಿಲ್ಲ ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಹೋಗುವ ಮುಂಚೆ ಮಾತಾಡಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಅವರನ್ನು ಸಭೆಗೆ ಕರೆಯುವುದು ವೈದ್ಯರು ಸರಿ ಅಂದ ಮೇಲೆ.

– ಸಂಪಾದಕ