ಒಂದು ಹಾಡನ್ನೂ ದಾಟಿಸದೆ ಕೇಳುವ ಆಲ್ಬಂಗಳು

ಬೇರೆ ಬೇರೆ ಬಗೆಯ ಸಂಗೀತದಲ್ಲಿ ನನಗೆ ತುಂಬಾ ಇಷ್ಟವಾದ ಆಲ್ಬಂಗಳು ಯಾವುವು, ಯಾಕೆ ಅಂತ ಕೇಳಿದ್ದೀರಿ. ಹಾಡುಗಳ ಬಗ್ಗೆ ಕೇಳದೆ ಆಲ್ಬಂಗಳ ಬಗ್ಗೆ ಕೇಳಿದ್ದಕ್ಕೇ ಖುಷಿಯಾಯಿತು. ನನ್ನ ಅಳತೆ ಒಂದೇ: ಶುರುವಿನಿಂದ ಕೊನೆಯವರೆಗೆ ಒಂದನ್ನೂ ದಾಟಿಸಬೇಕು ಅನ್ನಿಸಬಾರದು. ಹೀಗೆ ಅಳೆದರೆ ನನ್ನ ಮೆಚ್ಚಿನ ಸಿನಿಮಾ ಕ್ಯಾಸೆಟ್‌ಗಳಲ್ಲಿ ಮುಕ್ಕಾಲು ಪಾಲು ಆಚೆ ಹೋಗುತ್ತವೆ. ಎರಡು ಹಾಡು ಚಿನ್ನ, ಉಳಿದದ್ದು ಸುಮ್ನೆ ಜಾಗ ತುಂಬಿಸೋಕೆ.

ಮೊದಲನೆಯದು 'ನಿತ್ಯೋತ್ಸವ'. ನಿಸಾರ್ ಅಹಮದ್ ಅವರ ಕವಿತೆಗಳು, ಮೈಸೂರು ಅನಂತಸ್ವಾಮಿಯವರ ಸಂಗೀತ. 1978ರಲ್ಲಿ ಬಂದ ಇದು ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್. ನಮ್ಮ ಮನೆಯ ಟೇಪ್ ರೆಕಾರ್ಡರ್‌ಗೆ ಬೆಲ್ಟ್ ಸಡಿಲವಾಗಿತ್ತು. ಹಾಡೆಲ್ಲ ಊಟ ಮುಗಿಸಿ ತೂಕಡಿಸುತ್ತಾ ಹಾಡಿದ ಹಾಗೆ ಕೇಳುತ್ತಿತ್ತು. ನಾನು ಅದೇ ಸರಿ ಅಂದುಕೊಂಡೇ ಬೆಳೆದೆ. ಎಷ್ಟೋ ವರ್ಷದ ಮೇಲೆ ಸಿಡಿ ಹಾಕಿದಾಗ, ಅಯ್ಯೋ ಇವರ್ಯಾಕೆ ಹೀಗೆ ಓಡ್ತಿದಾರೆ ಅನ್ನಿಸಿತು. ಈಗಲೂ ಸ್ನಾನದ ಮನೆಯಲ್ಲಿ ನಾನು ಹಾಡುವುದು ಸಡಿಲ ಬೆಲ್ಟಿನ ಶ್ರುತಿಯಲ್ಲೇ.

ಇದನ್ನು ಹೇಳಲು ಕಾರಣವಿದೆ. ನನ್ನ ಎರಡನೇ ಆಯ್ಕೆ ಅಮೆರಿಕದ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್‌ರ 'ಕೈಂಡ್ ಆಫ್ ಬ್ಲೂ'. 1959ರಲ್ಲಿ ನ್ಯೂಯಾರ್ಕ್‌ನಲ್ಲಿ ಎರಡೇ ದಿನದಲ್ಲಿ ರೆಕಾರ್ಡ್ ಮಾಡಿದ ಜಾಝ್ ಆಲ್ಬಂ. ಮೊದಲ ದಿನ ಅಲ್ಲಿಯ ಟೇಪ್ ಯಂತ್ರ ಸ್ವಲ್ಪ ನಿಧಾನವಾಗಿ ಓಡಿತ್ತು. ಹಾಗಾಗಿ ಆ ಟೇಪನ್ನು ಸರಿಯಾದ ವೇಗದಲ್ಲಿ ಹಾಕಿದರೆ ಶ್ರುತಿ ಕೊಂಚ ಏರುತ್ತಿತ್ತು. ಎಲ್‌ಪಿಯ, ಅಂದರೆ ಗ್ರಾಮಫೋನ್ ತಟ್ಟೆಯ, ಒಂದು ಬದಿಯ ಮೂರೂ ಹಾಡುಗಳಿಗೆ ಹೀಗಾಗಿತ್ತು. ಸರಿಯಾಗಿ ಓಡಿದ್ದ ಇನ್ನೊಂದು ಯಂತ್ರದ ಟೇಪ್ ಬಳಸಿ ತಿದ್ದಿದ್ದು 1992ರಲ್ಲಿ! ಅಂದರೆ ಮೂವತ್ಮೂರು ವರ್ಷ ಜಗತ್ತೆಲ್ಲ ಕೂತು ತಪ್ಪು ಶ್ರುತಿಯನ್ನೇ ಮೆಚ್ಚಿಕೊಂಡಿತ್ತು. ಇದನ್ನು ಓದಿದ ದಿನ ನಮ್ಮ ಮನೆ ಬೆಲ್ಟಿನ ಮೇಲಿದ್ದ ನನ್ನ ಸಿಟ್ಟು ಇಳಿಯಿತು.

ಜಾಝ್ ಅಂದ್ರೆ ನನಗೆ ಮೊದಲು ಭಯ. ಒಂದು ಸ್ವರ ಕಿವಿಗೆ ಕೂರುವಷ್ಟರಲ್ಲಿ ಕೆಳಗಿನ ನೆಲವೇ ಬದಲಾಗಿರುತ್ತದೆ. ಈ ಆಲ್ಬಂ ಹಾಗಲ್ಲ. ಮೊದಲ ಹಾಡಿನಲ್ಲಿ ಒಂದೇ ಸ್ವರಗಳ ಗುಂಪನ್ನು ಹಿಡಿದು ಅದರಲ್ಲೇ ಅಡ್ಡಾಡುತ್ತಾರೆ. ಆ ಸ್ವರಗಳು ನಮ್ಮ ಕರ್ನಾಟಕ ಸಂಗೀತದ ಖರಹರಪ್ರಿಯ ರಾಗದವೇ. ರಾಗ ಅಂತ ಮಾತ್ರ ಅಂದುಕೊಳ್ಳಬೇಡಿ, ಸ್ವರವನ್ನು ತೂಗಿಸುವ ಗಮಕ ಇಲ್ಲ, ರಾಗದ್ದೇ ನಡೆಯಾದ ಸಂಚಾರ ಇಲ್ಲ. ಆದರೂ ಆಲಾಪನೆ ಕೇಳಿದ ಕಿವಿಗೆ ಕೂರಲು ಜಾಗ ಸಿಗುತ್ತದೆ. ನಡುವೆ ಇಡೀ ಗುಂಪೇ ಅರ್ಧ ಸ್ವರ ಮೇಲಕ್ಕೆ ಜಿಗಿದು ಮತ್ತೆ ಇಳಿಯುತ್ತದೆ. ನಮ್ಮ ಕಚೇರಿಯಲ್ಲಿ ಹೀಗೆ ನಡುವೆಯೇ ಆಧಾರ ಸ್ವರವಾದ ಷಡ್ಜವನ್ನೇ ಎತ್ತಿದರೆ ತಂಬೂರಿ ಹಿಡಿದವರ ಗತಿ ಏನು ಹೇಳಿ!

ಅಲ್ಲಿಂದ ನಾನು ಹೋದದ್ದು 'ಕಿನ್ಸ್‌ಮೆನ್'ಗೆ. 2008ರದ್ದು. ನಮ್ಮ ಕದ್ರಿ ಗೋಪಾಲನಾಥ್ ಮತ್ತು ಅಮೆರಿಕದ ರುದ್ರೇಶ್ ಮಹಂತಪ್ಪ, ಇಬ್ಬರದೂ ಆಲ್ಟೊ ಸ್ಯಾಕ್ಸೋಫೋನ್. ಜೊತೆಗೆ ಎ. ಕನ್ಯಾಕುಮಾರಿಯವರ ಪಿಟೀಲು, ಮೃದಂಗ, ಗಿಟಾರ್, ಡ್ರಮ್ಸ್. ಕದ್ರಿಯವರು ನಾಗಸ್ವರದ ಮನೆಯಿಂದ ಬಂದವರು. ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕಂಡು ಮನಸೋತರಂತೆ. ರುದ್ರೇಶ್ ಬೆಳೆದದ್ದು ಕೊಲರಾಡೋದಲ್ಲಿ. ಅವರು ಸಂಗೀತ ಓದುತ್ತಿದ್ದಾಗ ಅಣ್ಣ ತಮಾಷೆಗೆ ಅಂತ ಕದ್ರಿಯವರ ಒಂದು ಆಲ್ಬಂ ಕೊಟ್ಟರಂತೆ. ತಮಾಷೆ ಎಲ್ಲಿಗೆ ಹೋಗಿ ಮುಟ್ಟಿತು ನೋಡಿ.

ನಿಜ ಹೇಳ್ತೀನಿ, ಮೊದಲ ಸಲ ನನಗೆ ತಲೆಬುಡ ತಿಳಿಯಲಿಲ್ಲ. ಇಬ್ಬರೂ ಒಟ್ಟಿಗೆ ನುಡಿಸುವಾಗ ಯಾರು ಯಾರು ಅಂತಲೇ ಗೊತ್ತಾಗಲಿಲ್ಲ. ಮೂರನೇ ಸಲಕ್ಕೆ ಸುಳಿವು ಸಿಕ್ಕಿತು. ಕದ್ರಿಯವರು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತಾರೆ, ರುದ್ರೇಶ್ ಮೆಟ್ಟಿಲು ಹತ್ತುತ್ತಾರೆ. ಇಷ್ಟು ಗೊತ್ತಾದ ಮೇಲೆ ಮದುವೆ ಮನೆಯ ಸ್ಯಾಕ್ಸೋಫೋನೂ ನನಗೆ ಬೇರೆ ಥರ ಕೇಳತೊಡಗಿತು. ಬಾಳೆಲೆ ಮುಂದೆ ಕೂತು ಪಾಯಸ ಮರೆತಿದ್ದೇನೆ.

ಹಿಂದೂಸ್ತಾನಿಯಲ್ಲಿ 'ಕಾಲ್ ಆಫ್ ದಿ ವ್ಯಾಲಿ'. ಶಿವಕುಮಾರ್ ಶರ್ಮಾರ ಸಂತೂರ್, ಹರಿಪ್ರಸಾದ್ ಚೌರಾಸಿಯಾರ ಕೊಳಲು, ಬ್ರಿಜ್ ಭೂಷಣ್ ಕಾಬ್ರಾರ ಗಿಟಾರ್. ಕಾಶ್ಮೀರದ ಕುರುಬನೊಬ್ಬನ ಒಂದು ದಿನ. ಬೆಳಿಗ್ಗೆ ಅಹೀರ್ ಭೈರವ್ ರಾಗದಲ್ಲಿ ಶುರುವಾಗಿ ಪಹಾಡಿಯಲ್ಲಿ ಮುಗಿಯುತ್ತದೆ. ಹಾಡಿನ ಕ್ರಮ ಕಲಸಿದರೆ ದಿನವೇ ಕಲಸಿಹೋಗುತ್ತದೆ. ಇಳಯರಾಜಾರ 'ಹೌ ಟು ನೇಮ್ ಇಟ್' ಕೂಡ ಸೇರಿಸಿಕೊಳ್ಳಿ. ತ್ಯಾಗರಾಜರಿಗೂ ಪಾಶ್ಚಾತ್ಯ ಸಂಗೀತಗಾರ ಬಾಖ್‌ಗೂ ಅರ್ಪಿಸಿದ್ದು, ಮಳೆ ಬರುವಾಗ ಕೇಳಬೇಕು.

ರಾಕ್ ನನ್ನ ಕ್ಷೇತ್ರವಲ್ಲ. ಒಂದು ಹೆಸರು ಬೇಕೇ ಬೇಕು ಅಂದರೆ ಬೀಟಲ್ಸ್‌ನ 1969ರ 'ಅಬ್ಬೆ ರೋಡ್', ಅದೂ ಎರಡನೇ ಬದಿ ಮಾತ್ರ. ತುಂಡು ತುಂಡು ಹಾಡುಗಳನ್ನು ಒಂದಕ್ಕೊಂದು ಹೊಲಿದು ಮಾಲೆ ಮಾಡಿದ್ದಾರೆ. ಮೊದಲ ಬದಿಯಲ್ಲಿ ಎರಡು ಹಾಡು ದಾಟಿಸುತ್ತೇನೆ. ನಿಯಮ ನನ್ನದೇ ಅಲ್ವಾ, ಮುರಿಯೋದೂ ನಾನೇ.

ಹಿಪ್‌ಹಾಪ್ ಬಗ್ಗೆ ಕೇಳಬೇಡಿ. ಮಗಳು ಒಂದು ಆಲ್ಬಂ ಹಾಕಿಕೊಟ್ಟು ಎರಡು ವಾರವಾಯಿತು. ನಾನಿನ್ನೂ ಮೂರನೇ ಹಾಡಿನಲ್ಲಿದ್ದೇನೆ.