ರಿಯಾಯಿತಿ ತಾಲೂಕಿನ ಹೆಸರಲ್ಲಿ, ಕೆಲಸ ಯಾರ ಹೆಸರಲ್ಲಿ?

"ಸರ್ಕಾರ ನಿಮ್ಮ ಕಡೆಗೆ ಇಷ್ಟೆಲ್ಲ ಕೊಡುತ್ತೆ, ಆದ್ರೂ ಯಾಕೆ ಬೆಂಗಳೂರಿಗೆ ಗುಳೆ ಬರ್ತೀರಿ?" ಅಂತ ಕೇಳಿದೆಯಲ್ಲ, ಗೆಳೆಯಾ. ಸಿಟ್ಟಿಲ್ಲ, ಹೇಳುತ್ತೇನೆ ಕೇಳು.

ನಮ್ಮದು ಯಾದಗಿರಿ ಜಿಲ್ಲೆಯ ಅಂಚು. ಸೈದಾಪುರ ದಾಟಿ ಸ್ವಲ್ಪ ಹೋದರೆ ತೆಲಂಗಾಣ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗೂ ನಡೆಯುತ್ತದೆ. ಹತ್ತಿರದಲ್ಲೇ ಕೃಷ್ಣಾ ನದಿ ಇದೆ, ವಾಡಿ-ರಾಯಚೂರು ರೈಲು ಇದೆ. ಪಕ್ಕದ ರಾಯಚೂರು ಜಿಲ್ಲೆಯ ಶಕ್ತಿನಗರದಲ್ಲಿ 1985ರಿಂದ ಕರೆಂಟ್ ತಯಾರಾಗುತ್ತಿದೆ, ಇಡೀ ರಾಜ್ಯಕ್ಕೆ. ಈ ನೆಲ ಬಡ ನೆಲ ಅಲ್ಲ.

ನಮ್ಮ ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ ಸಂವಿಧಾನದ 371ಜೆ ವಿಧಿ ಇದೆಯಲ್ಲ ಅಂತೀಯ. 2013ರಿಂದ ಇದೆ, ಅದರಿಂದ ನಮ್ಮ ಹುಡುಗರು ಡಾಕ್ಟರಾಗಿದ್ದಾರೆ, ಮೇಷ್ಟ್ರಾಗಿದ್ದಾರೆ. ಆದರೆ ಅದು ಸರ್ಕಾರಿ ನೌಕರಿಗೆ, ಕಾಲೇಜು ಸೀಟಿಗೆ. ಖಾಸಗಿ ಕಾರ್ಖಾನೆಯಲ್ಲಿ ಅದು ನಡೆಯುವುದಿಲ್ಲ.

ಗೋಜಲು ಇರುವುದು ಅಲ್ಲೇ. ಕಡೇಚೂರು-ಬಾಡಿಯಾಳ ಸುತ್ತ ಕೈಗಾರಿಕೆಗೆ ಅಂತ 3,000 ಎಕರೆಗೂ ಜಾಸ್ತಿ ಜಮೀನು ಹೋಯಿತು. ಹತ್ತಿ, ತೊಗರಿ ಬೆಳೆಯುತ್ತಿದ್ದ ಹೊಲಗಳು. ಪ್ರಾದೇಶಿಕ ಅಸಮತೋಲನದ ಬಗ್ಗೆ ಸರ್ಕಾರ ನೇಮಿಸಿದ್ದ ಸಮಿತಿಯ ನಂಜುಂಡಪ್ಪ ವರದಿ 2002ರಲ್ಲೇ 114 ತಾಲೂಕು ಹಿಂದುಳಿದಿವೆ ಅಂತ ಹೇಳಿತ್ತು. ಇಂಥ ತಾಲೂಕಿನಲ್ಲಿ ಬಂಡವಾಳ ಹಾಕಿದವರಿಗೆ ಕೈಗಾರಿಕಾ ನೀತಿಯಲ್ಲಿ ರಿಯಾಯಿತಿ ಜಾಸ್ತಿ. ಒಳ್ಳೆಯದೇ, ಇಲ್ಲದಿದ್ದರೆ ಬೆಂಗಳೂರು ಬಿಟ್ಟು ಇಲ್ಲಿಗೆ ಯಾರು ಬರುತ್ತಾರೆ?

ಈಗ ನನ್ನ ಚಿಕ್ಕಪ್ಪನ ಮಗನನ್ನು ನೋಡು. ಐಟಿಐ ಫಿಟ್ಟರ್ ಓದಿದ್ದಾನೆ. ಹೊಲ ಹೋಗಿದೆ, ಪಹಣಿಯಲ್ಲಿ ಈಗ ಚಿಕ್ಕಪ್ಪನ ಹೆಸರಿಲ್ಲ. ಕೆಲಸ ಕೇಳಲು ಹೋದರೆ "ಅನುಭವ ಇದೆಯಾ?" ಅಂದರು. ಸುತ್ತ ಕಾರ್ಖಾನೆಯೇ ಇರಲಿಲ್ಲ, ಅನುಭವ ಎಲ್ಲಿಂದ ತರಬೇಕು? ಕೊನೆಗೆ ಒಂದು ಕಾರ್ಖಾನೆಯಲ್ಲಿ ಲೋಡಿಂಗ್ ಕೆಲಸ ಸಿಕ್ಕಿತು. ಅವನ ಕೊರಳಲ್ಲಿರುವ ಕಾರ್ಡ್ ತಿರುಗಿಸಿ ನೋಡಿದೆ. ಕಾರ್ಖಾನೆಯ ಹೆಸರಿಲ್ಲ, ಗುತ್ತಿಗೆದಾರನ ಹೆಸರಿದೆ. ಗುತ್ತಿಗೆದಾರ ಬದಲಾದರೆ ಹೊಸ ಕಾರ್ಡ್, ಅಲ್ಲಿಗೆ ಹಳೆಯ ಸರ್ವಿಸ್ ಲೆಕ್ಕಕ್ಕಿಲ್ಲ. ಹಾಜರಿ ಹಾಕುವುದು ಅದೇ ಗೇಟಿನಲ್ಲಿ, ಮಾಡುವುದು ಅದೇ ಕೆಲಸ, ಆದರೂ ಪ್ರತಿ ಸಲ ಹೊಸಬ! ಇದನ್ನು ಎಷ್ಟು ಕಡೆ ಹೇಳಿಕೊಂಡೆವೋ. ಕಾರ್ಖಾನೆಯವರು ಗುತ್ತಿಗೆದಾರನ ಕಡೆ ಕೈ ತೋರಿಸುತ್ತಾರೆ, ಅವನು ಕಾರ್ಖಾನೆಯ ಕಡೆ.

ಕನ್ನಡಿಗರಿಗೆ ಕೆಲಸ ಕೊಡಿ ಅಂತ ನೀತಿಯಲ್ಲಿ ಬರೆಯುತ್ತಾರೆ ನಿಜ. ಮೈಸೂರಿನವನೂ ಕನ್ನಡಿಗನೇ, ಅವನ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ. ಆದರೆ ಹೊಲ ಬಿಟ್ಟುಕೊಟ್ಟವರು ನಾವು ಅಲ್ವಾ? ಗಡಿಯಲ್ಲಿ ಇಷ್ಟು ಕಾಲದಿಂದ ಕನ್ನಡ ಉಳಿಸಿಕೊಂಡು ಬಂದವರೂ ನಾವೇ. ಆ ಕೆಲಸದಲ್ಲಿ ನಮಗೂ ಪಾಲಿರಬೇಕು.

ನಾವು ಬೆಂಗಳೂರಿಗೆ ಬಂದು ಗಾರೆ ಕೆಲಸ ಮಾಡುವುದು ಇದಕ್ಕೇ. ರಿಯಾಯಿತಿ ಹಣ ಬಿಡುಗಡೆ ಮಾಡುವ ಮುಂಚೆ ಸರ್ಕಾರ ಕಾರ್ಖಾನೆಯವರಿಂದ ಒಂದೇ ಒಂದು ಕಾಗದ ಕೇಳಲಿ: ಜಮೀನು ಕೊಟ್ಟ ಮನೆಗಳಿಂದ ಎಷ್ಟು ಮಂದಿ ಕಾರ್ಖಾನೆಯ ಸ್ವಂತ ಸಂಬಳ ಪಟ್ಟಿಯಲ್ಲಿದ್ದಾರೆ?