ಮಂಚದಿಂದ ಗಾಲಿಕುರ್ಚಿಗೆ: ರೋಗಿಯ ಆರೈಕೆ ಮಾಡುವವರ ಪ್ರಶ್ನೆಗಳು

ಪ್ರಶ್ನೆ: ಸಿಸ್ಟರ್, ನಾನು ನರ್ಸಿಂಗ್ ಅಸಿಸ್ಟೆಂಟ್ ಆಗಿ ಸೇರಿ ಎರಡು ತಿಂಗಳಾಯಿತು. ಎಡಭಾಗಕ್ಕೆ ಲಕ್ವ ಹೊಡೆದವರೊಬ್ಬರನ್ನು ಮಂಚದಿಂದ ಗಾಲಿಕುರ್ಚಿಗೆ ಕೂರಿಸುವಾಗ ಕಂಕುಳಿಗೆ ಕೈ ಕೊಟ್ಟು ಎತ್ತುತ್ತೇನೆ. ನನ್ನ ಸೊಂಟ ಹಿಡಿದುಕೊಳ್ಳುತ್ತದೆ, ಅವರಿಗೂ ಭುಜ ನೋಯುತ್ತದಂತೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಕಂಕುಳಿಗೆ ಕೈ ಕೊಡುವುದರಲ್ಲೇ ತಪ್ಪಿದೆ. ಲಕ್ವ ಹೊಡೆದ ಕಡೆ ಭುಜದ ಕೀಲನ್ನು ಬಿಗಿಹಿಡಿಯುವ ಸ್ನಾಯುಗಳು ಸೋತಿರುತ್ತವೆ. ಮೈಭಾರ ಅಲ್ಲಿ ಜೋತುಬಿದ್ದರೆ ಕೀಲು ಜಾರುತ್ತದೆ. ಆ ಕೈಯನ್ನು ಹಿಡಿದೆಳೆಯುವುದೂ ಬೇಡ.

ಎತ್ತುವುದಕ್ಕಿಂತ ಅಣಿಮಾಡಿಕೊಳ್ಳುವ ಕೆಲಸವೇ ಇಲ್ಲಿ ದೊಡ್ಡದು. ಕುರ್ಚಿ ರೋಗಿಯ ಬಲವಿರುವ ಕಡೆಗಿರಲಿ, ಅಂದರೆ ಇವರಿಗೆ ಬಲಗಡೆ. ಮಂಚಕ್ಕೆ 30ರಿಂದ 45 ಡಿಗ್ರಿ ಓರೆಯಾಗಿ, ತೀರಾ ಹತ್ತಿರ ಇಡಿ. ಕುರ್ಚಿಯ ಎರಡೂ ಬ್ರೇಕ್ ಹಾಕಿ, ಮಂಚದ ಬ್ರೇಕ್ ಹಾಕಿ, ಆಮೇಲೆ ಕೈಯಿಂದ ತಳ್ಳಿ ನೋಡಿ. ಸವೆದ ಬ್ರೇಕ್ ಹಾಕಿದಂತೆ ಕಂಡರೂ ಕುರ್ಚಿ ಜರುಗುತ್ತದೆ. ಪಾದ ಇಡುವ ಹಲಗೆಗಳನ್ನು ಪಕ್ಕಕ್ಕೆ ಸರಿಸಿ. ಕಾಲು ತಡವರಿಸುವುದು ಹೆಚ್ಚಾಗಿ ಅವಕ್ಕೇ. ಹಿಮ್ಮಡಿ ಸಮೇತ ಪಾದ ನೆಲಕ್ಕೆ ಊರುವಷ್ಟು ಮಂಚ ತಗ್ಗಿಸಿ. ಕಾಲಿಗೆ ಜಾರದ ಪಾದರಕ್ಷೆ ಬೇಕು, ಬರಿಯ ಕಾಲುಚೀಲದಲ್ಲಿ ನಿಲ್ಲಿಸಬೇಡಿ. ಡ್ರಿಪ್ ನಳಿಕೆ, ಮೂತ್ರದ ನಳಿಕೆ ಎಲ್ಲಿ ಸಿಕ್ಕಿಕೊಂಡಿವೆ ಎಂದು ಮೊದಲೇ ನೋಡಿಕೊಳ್ಳಿ.

ಇನ್ನು ರೋಗಿಯನ್ನು ಮಂಚದ ಅಂಚಿನಲ್ಲಿ ಕೂರಿಸಿ, ಒಂದೆರಡು ನಿಮಿಷ ಹಾಗೇ ಬಿಡಿ. ಬಹಳ ಹೊತ್ತು ಮಲಗಿದ್ದವರು ಎದ್ದಾಗ ರಕ್ತ ಕಾಲಿನ ಕಡೆ ಇಳಿದು ಬಿಪಿ ಕುಸಿಯುತ್ತದೆ. ತಲೆ ಸುತ್ತುತ್ತಿದೆಯೇ ಎಂದು ಕೇಳಿ, ಮುಖ ಬಿಳುಪೇರಿದೆಯೇ ನೋಡಿ. ಹಾಗಿದ್ದರೆ ಮತ್ತೆ ಮಲಗಿಸಿ ನರ್ಸ್‌ಗೆ ತಿಳಿಸಿ. ಕೂತಲ್ಲೇ ಬಲಗಾಲನ್ನು ನೀಟಾಗಿ ಚಾಚಲು ಹೇಳಿ. ಆ ಕಾಲಿಗೂ ಬಲವಿಲ್ಲವಾದರೆ ಒಬ್ಬರೇ ಮಾಡುವ ಕೆಲಸ ಅದಲ್ಲ; ಇನ್ನೊಬ್ಬರನ್ನು ಕರೆಯಿರಿ ಅಥವಾ ರೋಗಿಯನ್ನು ಎತ್ತುವ ಯಂತ್ರ ತರಿಸಿ.

ಎಲ್ಲ ಸರಿಯಿದ್ದರೆ ರೋಗಿಯ ಸೊಂಟಕ್ಕೆ, ಬಟ್ಟೆಯ ಮೇಲೆ, ಹಿಡಿದುಕೊಳ್ಳಲೆಂದೇ ಇರುವ ಬೆಲ್ಟ್ ಕಟ್ಟಿ, ಒಳಗೆ ಎರಡು ಬೆರಳು ಹೋಗುವಷ್ಟು ಬಿಗಿಯಾಗಿರಲಿ. ಹೊಟ್ಟೆಯ ಆಪರೇಷನ್ ಆದವರಿಗೆ ನರ್ಸ್‌ನ ಕೇಳದೆ ಕಟ್ಟಬೇಡಿ. ನಿಮ್ಮ ಮಂಡಿಯನ್ನು ಅವರ ಸೋತ ಮಂಡಿಗೆ ಎದುರಾಗಿ ಆನಿಸಿ, ಅದು ಮಡಚಿಕೊಳ್ಳದಂತೆ ತಡೆಯಿರಿ. ‘ಒಂದು, ಎರಡು, ಮೂರು’ ಎಂದು ಎಣಿಸಿ. ಮೂರಕ್ಕೆ ಅವರು ಬಲಗೈಯಿಂದ ಹಾಸಿಗೆ ಒತ್ತಿ ಏಳಲಿ. ನಿಮ್ಮ ಕುತ್ತಿಗೆ ತಬ್ಬಿಕೊಳ್ಳಲು ಬಿಡಬೇಡಿ. ನೀವು ಮಂಡಿ ಬಾಗಿಸಿ, ಬೆನ್ನು ನೆಟ್ಟಗಿಟ್ಟು, ಬೆಲ್ಟ್ ಹಿಡಿದು ಅವರ ಜೊತೆಗೇ ಏಳಿ. ತಿರುಗುವಾಗ ಹೆಜ್ಜೆ ಇಟ್ಟು ತಿರುಗಿ. ಪಾದ ಊರಿದಲ್ಲೇ ಇಟ್ಟು ನಡು ತಿರುಚುವುದರಿಂದಲೇ ನಿಮ್ಮ ಸೊಂಟ ಹಿಡಿಯುವುದು. ಕುರ್ಚಿಯ ಅಂಚು ಕಾಲಿನ ಹಿಂಬದಿಗೆ ತಾಗಿದ ಮೇಲೆ, ಅವರು ಬಲಗೈಯಿಂದ ಕುರ್ಚಿಯ ಕೈ ಹಿಡಿದು ನಿಧಾನ ಕೂರಲಿ.

ನಡುವೆ ಕುಸಿದುಬಿಟ್ಟರೆ? ಎತ್ತಿ ಹಿಡಿಯುವ ಹಟ ಬೇಡ, ಇಬ್ಬರೂ ಬೀಳುತ್ತೀರಿ. ಕಾಲು ಅಗಲಿಸಿ ನಿಂತು, ಬೆಲ್ಟ್ ಹಿಡಿದು ಮೈಗೆ ಎಳೆದುಕೊಂಡು, ನಿಮ್ಮ ತೊಡೆಯ ಮೇಲೆ ಜಾರಿಸುತ್ತಾ ನೆಲಕ್ಕೆ ಇಳಿಸಿ. ತಲೆಗೆ ಪೆಟ್ಟಾಗದಂತೆ ನೋಡಿಕೊಳ್ಳಿ. ನರ್ಸ್ ಬಂದು ನೋಡುವವರೆಗೆ ಅವರನ್ನು ಮೇಲೆತ್ತಬೇಡಿ.

ಪ್ರಶ್ನೆ: ಹಾಸಿಗೆ ಹಿಡಿದವರ ಬೆನ್ನ ಕೆಳಗೆ ಕೆಂಪಗಾಗಿದೆ. ಎಣ್ಣೆ ಹಚ್ಚಿ ಚೆನ್ನಾಗಿ ತಿಕ್ಕಿದರೆ ರಕ್ತ ಓಡಾಡುತ್ತದೆ ಎನ್ನುತ್ತಾರೆ. ತಿಕ್ಕಬಹುದೇ?

ಉತ್ತರ: ಖಂಡಿತ ಬೇಡ. ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕಿ, ರಕ್ತ ಸಿಗದೆ ನೊಂದಿರುವ ಜಾಗ ಅದು. ತಿಕ್ಕಿದರೆ ಒಳಗಿನ ಸೂಕ್ಷ್ಮ ರಕ್ತನಾಳಗಳು ಹರಿಯುತ್ತವೆ. ಬೆರಳಿಂದ ಒತ್ತಿ ಬಿಡಿ: ಬೆಳ್ಳಗಾಗಿ ಮತ್ತೆ ಕೆಂಪಾದರೆ ಒತ್ತಡ ತೆಗೆದಾಗ ಸರಿಹೋಗುವ ಸಾಧ್ಯತೆ ಹೆಚ್ಚು. ಒತ್ತಿದರೂ ಕೆಂಪು ಹಾಗೇ ಉಳಿದರೆ ಅದು ಹಾಸಿಗೆ ಹುಣ್ಣಿನ ಮೊದಲ ಹಂತ, ಕೂಡಲೇ ನರ್ಸ್‌ಗೆ ತೋರಿಸಿ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣದೆ ಹೋಗಬಹುದು. ಅಂಥವರಲ್ಲಿ ಸುತ್ತಲಿನ ಚರ್ಮಕ್ಕಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಅಥವಾ ಮೆತ್ತಗಾಗಿದೆಯೇ ಎಂದು ಮುಟ್ಟಿ ನೋಡಬೇಕು.

ಸಾಮಾನ್ಯವಾಗಿ 2 ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಾರೆ; ಚರ್ಮ ಆಗಲೇ ಕೆಂಪಾಗಿದ್ದರೆ ಇನ್ನೂ ಬೇಗ ಬೇಕಾಗಬಹುದು. ಪೂರ್ತಿ ಪಕ್ಕಕ್ಕೆ ಮಲಗಿಸಿದರೆ ಭಾರವೆಲ್ಲ ತೊಡೆಯ ಮೇಲ್ತುದಿಯ ಮೂಳೆಯ ಮೇಲೆ ಬೀಳುತ್ತದೆ. ಬೆನ್ನಿಗೆ ದಿಂಬು ಕೊಟ್ಟು 30 ಡಿಗ್ರಿಯಷ್ಟು ಮಾತ್ರ ವಾಲಿಸಿ. ಮೀನಖಂಡದ ಉದ್ದಕ್ಕೂ ದಿಂಬಿಟ್ಟು ಹಿಮ್ಮಡಿ ಗಾಳಿಯಲ್ಲಿರುವಂತೆ ಮಾಡಿ. ಮೇಲಕ್ಕೆ ಸರಿಸಬೇಕಾದಾಗ ಮೈ ಎಳೆಯಬೇಡಿ, ಅಡಿಯಲ್ಲಿ ಮಡಚಿದ ಬಟ್ಟೆ ಹಾಸಿ ಇಬ್ಬರು ಎರಡೂ ಕಡೆ ಹಿಡಿದು ಎತ್ತಿ ಸರಿಸಿ. ನಡುವೆ ತೂತಿರುವ ರಬ್ಬರ್ ಬಳೆಯನ್ನು ಬಿಟ್ಟುಬಿಡಿ. ಅದರ ಅಂಚೇ ಸುತ್ತಲಿನ ರಕ್ತ ಓಡಾಟವನ್ನು ತಡೆಯುತ್ತದೆ.

ಪ್ರಶ್ನೆ: ಅದೇ ರೋಗಿ, ಅದೇ ಬಿಪಿ ಯಂತ್ರ. ನಾನು ನೋಡಿದಾಗ ಮೇಲಿನ ಸಂಖ್ಯೆ 158, ಅರ್ಧ ಗಂಟೆ ಬಿಟ್ಟು ನರ್ಸ್ ನೋಡಿದಾಗ 136. ತಪ್ಪು ನನ್ನದೇ?

ಉತ್ತರ: ಇರಬಹುದು, ಇಲ್ಲದೆಯೂ ಇರಬಹುದು, ಬಿಪಿ ತಾನಾಗಿಯೂ ಏರಿಳಿಯುತ್ತದೆ. ಆದರೆ ಇವನ್ನು ಪರೀಕ್ಷಿಸಿಕೊಳ್ಳಿ. ರೋಗಿ 5 ನಿಮಿಷ ಸುಮ್ಮನೆ ಕೂತಿದ್ದರೇ? ಬೆನ್ನಿಗೆ ಆಸರೆಯಿತ್ತೇ, ಕಾಲ ಮೇಲೆ ಕಾಲು ಹಾಕಿದ್ದರೇ? ಮೂತ್ರ ತಡೆದುಕೊಂಡಿದ್ದರೇ? ನೀವು ಅವರನ್ನು ಮಾತಾಡಿಸುತ್ತಿದ್ದಿರೇ? ತೋಳು ಎದೆಯ ಮಟ್ಟಕ್ಕಿಂತ ಕೆಳಗೆ ಜೋತುಬಿದ್ದಿದ್ದರೆ ಸಂಖ್ಯೆ ಏರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಪಟ್ಟಿಯ ಅಳತೆ ನೋಡಿ: ಒಳಗಿನ ಗಾಳಿಚೀಲ ತೋಳಿನ ಸುತ್ತಳತೆಯ ಸುಮಾರು 80 ಶೇಕಡಾ ಆವರಿಸಬೇಕು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಇಲ್ಲದ ಬಿಪಿ ತೋರಿಸುತ್ತದೆ. ಬರಿಯ ತೋಳಿಗೆ, ಮೊಣಕೈ ಮಡಿಕೆಯಿಂದ 2–3 ಸೆಂಟಿಮೀಟರ್ ಮೇಲೆ ಕಟ್ಟಿ. ಡಯಾಲಿಸಿಸ್‌ಗೆಂದು ರಕ್ತನಾಳ ಜೋಡಿಸಿರುವ ಕೈಗಾಗಲಿ, ಡ್ರಿಪ್ ಹೋಗುತ್ತಿರುವ ಕೈಗಾಗಲಿ ಕಟ್ಟಬಾರದು. ಸ್ತನದ ಆಪರೇಷನ್ ಆಗಿದ್ದರೆ ಯಾವ ಕೈ ಎಂದು ನರ್ಸ್‌ನ ಕೇಳಿ.

ಅನುಮಾನ ಬಂದರೆ ಒಂದೆರಡು ನಿಮಿಷ ಬಿಟ್ಟು ಮತ್ತೆ ನೋಡಿ, ಎರಡನ್ನೂ ಬರೆಯಿರಿ. ಹಿಂದಿನ ಸಂಖ್ಯೆಗೆ ಹೊಂದುವಂತೆ ಬರೆಯುವುದು ಮಾತ್ರ ಎಂದಿಗೂ ಬೇಡ. ವೈದ್ಯರು ಔಷಧಿ ಬದಲಿಸುವುದು ನೀವು ಬರೆದ ಅಂಕಿ ನೋಡಿಯೇ. ಉಸಿರು ಎಣಿಸುವಾಗಲೂ ಒಂದು ಎಚ್ಚರ: ಎಣಿಸುತ್ತೇನೆಂದು ಹೇಳಿದರೆ ರೋಗಿಯ ಉಸಿರಿನ ಗತಿಯೇ ಬದಲಾಗುತ್ತದೆ. ನಾಡಿ ನೋಡಿದ ಕೈಯನ್ನು ಹಾಗೇ ಹಿಡಿದುಕೊಂಡು ಪೂರ್ತಿ 1 ನಿಮಿಷ ಎದೆಯ ಏರಿಳಿತ ಎಣಿಸಿ. ವಯಸ್ಕರಲ್ಲಿ 12ರಿಂದ 20 ಸಹಜ.

ಪ್ರಶ್ನೆ: ಗ್ಲೌಸ್ ಹಾಕಿಕೊಂಡ ಮೇಲೂ ಕೈ ತೊಳೆಯಬೇಕೇ?

ಉತ್ತರ: ಬೇಕು. ಗ್ಲೌಸ್‌ನಲ್ಲಿ ಕಣ್ಣಿಗೆ ಕಾಣದ ತೂತುಗಳಿರಬಹುದು, ತೆಗೆಯುವಾಗಲೂ ಕೈಗೆ ಕೊಳೆ ಅಂಟುತ್ತದೆ. ಸ್ಯಾನಿಟೈಸರ್ ಆದರೆ 20–30 ಸೆಕೆಂಡ್, ಸೋಪು-ನೀರಾದರೆ ಒರೆಸುವುದೂ ಸೇರಿ 40–60 ಸೆಕೆಂಡ್. ಭೇದಿಯಾಗುತ್ತಿರುವವರನ್ನು ಮುಟ್ಟಿದ್ದರೆ ಸೋಪು-ನೀರೇ ಆಗಬೇಕು. ಕೆಲವು ಭೇದಿಯ ರೋಗಾಣುಗಳ ಬೀಜಕಗಳು ಸ್ಯಾನಿಟೈಸರ್‌ಗೆ ಸಾಯುವುದಿಲ್ಲ.

ಪ್ರಶ್ನೆ: ಲಕ್ವ ಆದವರಿಗೆ ಊಟ ನುಂಗಲು ಬರುತ್ತದೆ, ನೀರು ಕುಡಿದರೆ ಮಾತ್ರ ಕೆಮ್ಮು. ಇದೇಕೆ?

ಉತ್ತರ: ನೀರು ಬೇಗ ಹರಿಯುತ್ತದೆ. ಸೋತ ಗಂಟಲು ಶ್ವಾಸನಾಳದ ಬಾಯಿ ಮುಚ್ಚುವ ಮೊದಲೇ ಒಳಗೆ ನುಗ್ಗುತ್ತದೆ. ಹಾಗೆ ಶ್ವಾಸಕೋಶ ಸೇರಿದರೆ ನ್ಯುಮೋನಿಯಾ ಆಗುವ ಅಪಾಯವಿದೆ. ಆದ್ದರಿಂದ ಕುಡಿಸುವುದನ್ನು ಅಲ್ಲಿಗೇ ನಿಲ್ಲಿಸಿ, ನರ್ಸ್‌ಗೆ ಹೇಳಿ. ನೀರನ್ನು ಮಂದ ಮಾಡಿ ಕೊಡಬೇಕೇ, ಎಷ್ಟು ಮಂದ ಎಂಬುದನ್ನು ನುಂಗುವಿಕೆ ಪರೀಕ್ಷಿಸಿದವರೇ ಹೇಳಬೇಕು. ಊಟಕ್ಕೂ ನೇರವಾಗಿ ಕೂರಿಸಿ, ಗದ್ದ ಸ್ವಲ್ಪ ತಗ್ಗಿರಲಿ. ಅರ್ಧ ಚಮಚದಷ್ಟೇ ಕೊಟ್ಟು, ಗಂಟಲು ಮೇಲೆ ಸರಿದು ನುಂಗಿದ್ದು ಕಂಡ ಮೇಲೆ ಮುಂದಿನ ತುತ್ತು. ಸೋತ ಕಡೆಯ ಕೆನ್ನೆಯೊಳಗೆ ತುತ್ತು ಉಳಿದುಕೊಂಡಿರುತ್ತದೆ, ಬಾಯಿ ತೆರೆಸಿ ನೋಡಿ. ಮುಗಿದ ಮೇಲೆ ಕನಿಷ್ಠ 30 ನಿಮಿಷ ಮಲಗಿಸಬೇಡಿ. ಕೆಲವರಿಗೆ ಕೆಮ್ಮೇ ಬರುವುದಿಲ್ಲ. ನುಂಗಿದ ಮೇಲೆ ಗಂಟಲಲ್ಲಿ ನೀರು ನಿಂತಂತೆ ದನಿ ಗುಳುಗುಟ್ಟಿದರೆ, ಕಣ್ಣಲ್ಲಿ ನೀರಾಡಿದರೆ ಅದನ್ನೂ ಕೆಮ್ಮಿನಷ್ಟೇ ಗಂಭೀರವಾಗಿ ನೋಡಿ.

ಪ್ರಶ್ನೆ: ರೋಗಿಯನ್ನು ಸಾಗಿಸುವಾಗ ಮೂತ್ರದ ಚೀಲವನ್ನು ಅವರ ಹೊಟ್ಟೆಯ ಮೇಲೆ ಇಡಬಹುದೇ?

ಉತ್ತರ: ಬೇಡ, ಹಳೆಯ ಮೂತ್ರ ಹಿಂದಕ್ಕೆ ಹರಿದು ಸೋಂಕು ಒಯ್ಯುತ್ತದೆ. ಚೀಲ ಸದಾ ಮೂತ್ರಕೋಶಕ್ಕಿಂತ ಕೆಳಗಿರಲಿ, ನೆಲಕ್ಕೆ ತಾಗದಿರಲಿ. ಮೂರರಲ್ಲಿ ಎರಡು ಭಾಗ ತುಂಬುವ ಮೊದಲೇ ಖಾಲಿ ಮಾಡಿ, ಪ್ರತಿ ರೋಗಿಗೂ ಬೇರೆ ಪಾತ್ರೆ ಬಳಸಿ. ವಯಸ್ಕರಿಗೆ ಗಂಟೆಗೆ 30 ಮಿಲಿಲೀಟರ್‌ಗಿಂತ ಕಡಿಮೆ ಇಳಿಯುತ್ತಿದ್ದರೆ ಮೊದಲು ನಳಿಕೆ ಮಡಚಿದೆಯೇ, ಮೈ ಕೆಳಗೆ ಸಿಕ್ಕಿದೆಯೇ ನೋಡಿ. ಇಲ್ಲವಾದರೆ ಕೂಡಲೇ ನರ್ಸ್‌ಗೆ ತಿಳಿಸಿ. ‘ಮೂತ್ರ ಕಡಿಮೆ’ ಎಂದಷ್ಟೇ ಹೇಳದೆ ‘ಬೆಳಿಗ್ಗೆ 6ರಿಂದ 9ರವರೆಗೆ 60 ಮಿಲಿಲೀಟರ್, ಬಣ್ಣ ಗಾಢ’ ಎಂದು ಹೇಳಿ.